ಹಾಡಿಗೊಂದು ಭಾಷ್ಯ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಜಾಗ ಸಿಕ್ಕವನು ಪುಣ್ಯವಂತ. ನನ್ನ ಪುಣ್ಯ ಅಂದು ಅಷ್ಟು ಬಲವಾಗಿರಲಿಲ್ಲ. ಮೂವರು ಕೂರುವ ಆಸನದ ತುದಿಯಲ್ಲಿ, ಅರ್ಧ ಶರೀರವನ್ನು ಸರ್ಕಾರದ ಆಸನದ ಮೇಲೂ ಉಳಿದರ್ಧವನ್ನು ದೇವರ ಭರವಸೆಯ ಮೇಲೂ ಇಟ್ಟು ಕುಳಿತಿದ್ದೆ. ಪಕ್ಕದಲ್ಲಿ ಇಬ್ಬರು ಹುಡುಗರು. ಕಾಲೇಜಿಗೆ ಹೋಗುವ ವಯಸ್ಸು. ಇಬ್ಬರ ನಡುವೆ ಒಂದು ಮೊಬೈಲು ಫೋನು. ಅದರೊಳಗೆ ಒಂದು ಹಾಡು. ಈಗ ಹಾಡೆಂದರೆ ಕಿವಿಗೆ ಮಾತ್ರ ಸಲ್ಲುವ ವಸ್ತುವಲ್ಲ. ಕಣ್ಣಿಗೂ ಅದರಲ್ಲಿ ಪಾಲುಂಟು. ಬಸ್ಸಿನಲ್ಲಿ ಕುಳಿತ ಮಿಕ್ಕವರಿಗೆ ಕಿವಿಯ ಪಾಲು ಮಾತ್ರ ದೊರೆಯುತ್ತಿತ್ತು, ಅದೂ ಕೇಳದೆಯೆ.

ಕೋಪ ಬರುವುದು ಸಹಜ. ನನಗೂ ಬಂದಿತ್ತು. ಆದರೆ ಹಾಡಿಗಿಂತ ಹೆಚ್ಚು ಸ್ವಾರಸ್ಯವಾದುದೊಂದು ನಡೆಯುತ್ತಿದೆ ಎಂಬುದು ಸ್ವಲ್ಪ ಹೊತ್ತಿನಲ್ಲೇ ತಿಳಿಯಿತು. ತೆರೆಯ ಮೇಲೆ ಯಾವುದೋ ಹಿಮದ ಬೆಟ್ಟ. ನಾಯಕ ಉಣ್ಣೆಯ ಕೋಟು ತೊಟ್ಟು ಹಾಡುತ್ತಿದ್ದಾನೆ. ನಾಯಕಿಗೆ ತೆಳುವಾದೊಂದು ಸೀರೆ. ಕಿಟಕಿಯ ಪಕ್ಕದ ಹುಡುಗ ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ ಹೇಳಿದ: “ಪಾಪ, ಆಕಿಗೆ ಒಂದು ಕೌದಿನಾದ್ರೂ ಹೊದಿಸ್ರಪಾ.” ನಾಯಕನ ಹಿಂದೆ ನಲವತ್ತು ಮಂದಿ ಕುಣಿಯಲು ಬಂದರು. “ಇಷ್ಟು ಮಂದಿಗೆ ಆ ಬೆಟ್ಟದಾಗ ಅಡಿಗಿ ಯಾರು ಮಾಡ್ಯಾರೊ?” ಎಂದು ಎರಡನೆಯವನ ಚಿಂತೆ. ಮುಂದಿನ ಹಾಡು ನಮ್ಮ ಕಡೆಯದೆ. ಭತ್ತದ ಗದ್ದೆಯ ಬದಿ, ಹೊಸ ಟ್ರ್ಯಾಕ್ಟರು, ಅದರ ಮೇಲೆ ಕಪ್ಪು ಕನ್ನಡಕದ ತರುಣ. “ಕನ್ನಡಕ ಆಮ್ಯಾಲೆ. ಟ್ರ್ಯಾಕ್ಟರ್ ಕಂತು ಕಟ್ಯಾನೊ ಇಲ್ಲೊ ಮೊದಲ ಕೇಳು.”

ನನ್ನ ಕೋಪ ಎಲ್ಲಿ ಹೋಯಿತೋ ತಿಳಿಯದು. ಸೂತ್ರಗಳಿಗೆ ಭಾಷ್ಯ ಬರೆದ ಮಹನೀಯರನ್ನು ಹೆಸರಿನಿಂದ ಬಲ್ಲೆ. ಹಾಡಿಗೆ ಸಾಲು ಸಾಲಾಗಿ ಇಂಥ ಭಾಷ್ಯ ಹೇಳಬಲ್ಲ ವಿದ್ವಾಂಸರೊಡನೆ ಮೊಣಕೈ ತಾಗಿಸಿ ಕೂರುವ ಯೋಗ ನನಗೆ ಬಂದದ್ದು ಅಂದೇ.

ಇವರಿಗೆ ಈ ವಿದ್ಯೆ ಕಲಿಸಿದವರು ಯಾರು? ಪೇಟೆಯ ಹಿರಿಯರನ್ನು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: “ಎಲ್ಲಾ ಫೋನಿನ ಪ್ರಭಾವ, ಈಗಿನವರಿಗೆ ಯಾವುದರಲ್ಲೂ ಭಕ್ತಿಯಿಲ್ಲ.” ಈ ಉತ್ತರದಲ್ಲಿ ಒಂದು ಅನುಕೂಲವುಂಟು, ಮುಂದೆ ವಿಚಾರ ಮಾಡಬೇಕಾದ ತೊಂದರೆಯಿಲ್ಲ. ಆದರೆ ಇತಿಹಾಸ ಬೇರೆಯೇ ಹೇಳುತ್ತದೆ.

ಚಿತ್ರದ ಜೊತೆಗೆ ಹಾಡನ್ನು ಬಿಡಿಯಾಗಿ ಮಾರುವ ವ್ಯಾಪಾರವೇ ಫೋನಿಗಿಂತ ಬಹಳ ಹಳೆಯದು. 1940ರಲ್ಲಿ ಅಮೆರಿಕದಲ್ಲಿ ‘ಪ್ಯಾನೊರಾಂ’ ಎಂಬ ಯಂತ್ರ ಬಂತು. ಬೀರುವಿನಷ್ಟು ದೊಡ್ಡ ಮರದ ಪೆಟ್ಟಿಗೆ, ಅದರ ಮೇಲ್ಭಾಗದಲ್ಲಿ ಒಂದು ತೆರೆ. ಹೋಟೆಲುಗಳಲ್ಲಿ, ಮದ್ಯದಂಗಡಿಗಳಲ್ಲಿ ಇಡುತ್ತಿದ್ದರು. 10 ಸೆಂಟಿನ ನಾಣ್ಯ ಹಾಕಿದರೆ ಸುಮಾರು ಮೂರು ನಿಮಿಷದ ಒಂದು ಹಾಡು. ಬೇಕಾದುದನ್ನು ಆರಿಸುವ ಹಾಗಿರಲಿಲ್ಲ; ಸುರುಳಿಯಲ್ಲಿ ಯಾವುದರ ಸರದಿಯೋ ಅದನ್ನೇ ನೋಡಬೇಕು. ನಮ್ಮ ಬಸ್ಸಿನ ಪ್ರಯಾಣಿಕರ ಸ್ಥಿತಿಯೂ ಅದೇ. ನಾಣ್ಯ ಹಾಕುವ ಖರ್ಚು ಮಾತ್ರವಿಲ್ಲ. 1960ರಲ್ಲಿ ಫ್ರಾನ್ಸಿನವರು ‘ಸ್ಕೋಪಿಟೋನ್’ ಎಂಬ ಯಂತ್ರ ತಂದರು. ಅದರಲ್ಲಿ ಬಣ್ಣವೂ ಇತ್ತು, ಆರಿಸುವ ಸ್ವಾತಂತ್ರ್ಯವೂ ಇತ್ತು. ಆಮೇಲೆ 1981ರ ಆಗಸ್ಟ್ 1ರಂದು ಅಮೆರಿಕದಲ್ಲಿ ಹಗಲಿರುಳೂ ಹಾಡು ತೋರಿಸುವ ಎಂಟೀವಿ ಹುಟ್ಟಿತು. ವಿಡಿಯೋ ಬಂದು ರೇಡಿಯೋದ ತಾರೆಯನ್ನು ಕೊಂದಿತೆಂಬ ಅರ್ಥದ ಹಾಡೇ ಅದರಲ್ಲಿ ಮೊದಲು ಪ್ರಸಾರವಾದದ್ದು. ಅದೇ ವರ್ಷದ ನವೆಂಬರ್ 1ರಂದು ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾಯಿತು. ರೇಡಿಯೋ ಏನೂ ಸಾಯಲಿಲ್ಲ. ಸಾಯುತ್ತದೆಂದು ಹಾಡಿದವರೇ ಹಳಬರಾದರು.

ಹಾಡು ತೋರಿಸುವವರು ಬಂದ ಹನ್ನೆರಡು ವರ್ಷಕ್ಕೆ ಅದನ್ನು ನೋಡಿ ನಗುವವರೂ ತೆರೆಗೆ ಬಂದರು. 1993ರಲ್ಲಿ ಅದೇ ಎಂಟೀವಿಯಲ್ಲಿ ‘ಬೀವಿಸ್ ಮತ್ತು ಬಟ್‌ಹೆಡ್’ ಎಂಬ ವ್ಯಂಗ್ಯಚಿತ್ರ ಸರಣಿ ಮೊದಲಾಯಿತು. ಇಬ್ಬರು ಪೋಲಿ ಹುಡುಗರು ಸೋಫಾದ ಮೇಲೆ ಕುಳಿತು ಹಾಡುಗಳನ್ನು ನೋಡುತ್ತಾರೆ. ನೋಡುತ್ತ ಬಾಯಿಗೆ ಬಂದದ್ದನ್ನು ಅನ್ನುತ್ತಾರೆ. ಇದು ಲೋಕಕ್ಕೆ ದೊಡ್ಡ ಹೊಸತಾಗಿ ಕಂಡಿತು. ನಮ್ಮಲ್ಲಿ ದೂರದರ್ಶನದ ಮುಂದೆ ‘ಚಿತ್ರಹಾರ್’, ‘ಚಿತ್ರಮಂಜರಿ’ ನೋಡಿದವರಿಗೆ ಮಾತ್ರ ಇದರಲ್ಲಿ ಹೊಸತೇನೂ ಇರಲಿಲ್ಲ. ಓಣಿಗೊಂದೇ ಟೀವಿ ಇದ್ದ ಕಾಲ. ಟೀವಿಯ ಮನೆಯ ಪಡಸಾಲೆಯಲ್ಲಿ ಮಕ್ಕಳು ಮುಂದೆ, ಗಂಡಸರು ಗೋಡೆಗೆ, ಹೆಂಗಸರು ಬಾಗಿಲ ಬಳಿ. ಬಾಗಿಲ ಬಳಿಯ ಒಬ್ಬ ಮುದುಕಿ, ನಾಯಕ ನಾಯಕಿ ಮರದ ಸುತ್ತ ಮೂರನೆಯ ಸಲ ಸುತ್ತಿದಾಗ, “ಸಾಕ್ ಬಿಡ್ರೋ, ಗಿಡ ಒಣಗೀತು” ಎಂದದ್ದು ನನಗೆ ಇನ್ನೂ ನೆನಪಿದೆ. ಎಂಟೀವಿಯವರು ಆ ಮುದುಕಿಯನ್ನು ಕಂಡಿರಲಿಲ್ಲ. ಅದು ಅವರ ದುರದೃಷ್ಟ.

ಆ ಮುದುಕಿಗಾದರೂ ಈ ಮಾತುಗಾರಿಕೆ ಎಲ್ಲಿಂದ ಬಂತು? ಆಕೆ ದೊಡ್ಡಾಟ ನೋಡಿ ಬೆಳೆದವಳು. ನಮ್ಮ ಸೀಮೆಯ ದೊಡ್ಡಾಟದಲ್ಲಿ ಸಾರಥಿ ಎಂಬ ಪಾತ್ರವುಂಟು. ದುರ್ಯೋಧನನೋ ಕೀಚಕನೋ ತಲೆಗಿಂತ ದೊಡ್ಡ ಕಿರೀಟ, ಭುಜಕೀರ್ತಿ ಧರಿಸಿ, ಹಲಗೆ ಮುರಿಯುವ ಹಾಗೆ ಕುಣಿದು ರಂಗಕ್ಕೆ ಬರುತ್ತಾನೆ. ಊರಿಗೆಲ್ಲ ಅವನಾರೆಂದು ಗೊತ್ತು. ಸಾರಥಿಗೆ ಮಾತ್ರ ಗೊತ್ತಿಲ್ಲ! ತಾವು ಯಾರು, ಯಾವ ಊರು, ಇಲ್ಲಿಗೇಕೆ ಬಂದಿರಿ ಎಂದು ವಿಚಾರಿಸುತ್ತಾನೆ. ರಾಜನು ತನ್ನ ಬಿರುದುಗಳನ್ನೆಲ್ಲ ಹಾಡಿ ಕುಣಿದು ಮುಗಿಸುವ ಹೊತ್ತಿಗೆ ಸಾರಥಿ ಒಂದು ಮಾತಿನಲ್ಲಿ ಅವನನ್ನು ಆಕಾಶದಿಂದ ಇಳಿಸಿ ಊರ ಚಾವಡಿಯ ಮುಂದೆ ನಿಲ್ಲಿಸುತ್ತಾನೆ. ಜನ ನಗುತ್ತಾರೆ. ನಕ್ಕು ಮತ್ತೆ ರಾಜನ ಮುಂದಿನ ಪದವನ್ನು ಅಷ್ಟೇ ಶ್ರದ್ಧೆಯಿಂದ ಕೇಳುತ್ತಾರೆ. ಗಮನಿಸಬೇಕಾದ ಸಂಗತಿ ಇದು: ಸಾರಥಿ ನಗಿಸಿದನೆಂದು ಆಟ ಕೆಡುವುದಿಲ್ಲ. ಸಾರಥಿ ಇಲ್ಲದಿದ್ದರೇ ಆಟ ಕೆಡುತ್ತದೆ.

ಗೀಗೀ ಪದದವರ ಮೇಳದಲ್ಲಿ ಇದೇ ವಿದ್ಯೆ ಇನ್ನೊಂದು ರೂಪ ತಾಳಿತು. ಹರದೇಶಿಯವರೆಂದೂ ನಾಗೇಶಿಯವರೆಂದೂ ಎರಡು ಪಕ್ಷ. ಒಬ್ಬರದು ಶಿವನ, ಗಂಡಿನ ಹೆಚ್ಚುಗಾರಿಕೆ; ಇನ್ನೊಬ್ಬರದು ಶಕ್ತಿಯ, ಹೆಣ್ಣಿನ ಹೆಚ್ಚುಗಾರಿಕೆ. ದಪ್ಪು, ತುಂತುಣಿಗಳ ಜೊತೆ ರಾತ್ರಿಯಿಡೀ ಸವಾಲು–ಜವಾಬು. ಒಬ್ಬರು ಹಾಡಿದುದರ ಹುಳುಕನ್ನು ಎದುರಿನವರು ಎತ್ತಿ ಆಡುವರು; ಆದರೆ ಎತ್ತಿ ಆಡುವುದೂ ಹಾಡಿನಲ್ಲೇ ಆಗಬೇಕು, ಅದೇ ಧಾಟಿಯಲ್ಲಿ, ತಾಳ ತಪ್ಪದೆ. ಹಾಡಲು ಬಾರದವನಿಗೆ ಅಲ್ಲಿ ಕುಹಕಿಯಾಗುವ ಯೋಗ್ಯತೆ ಇರಲಿಲ್ಲ. ಮೊಹರಮ್ಮಿನಲ್ಲಿ ಹಿಂದೂ ಮುಸಲ್ಮಾನರೆನ್ನದೆ ಜನ ಕೂಡುವ ಊರು ಲಿಂಗಸುಗೂರು ತಾಲ್ಲೂಕಿನ ಮುದಗಲ್ಲು. ಆ ಹಬ್ಬದ ರಿವಾಯತ್ ಪದಗಳಲ್ಲಿ ಕರ್ಬಲೆಯ ಶೋಕವೂ ಉಂಟು, ಎದುರು ಮೇಳದವರಿಗೆ ಹಾಕುವ ಒಗಟೂ ಉಂಟು. ಒಂದೇ ರಾತ್ರಿ ಅಳುವುದನ್ನೂ ಕೆಣಕುವುದನ್ನೂ ಮಾಡಬಹುದೆಂದು ನಮ್ಮ ಜನ ಬಲ್ಲರು.

ಹೀಗೆ ನೋಡಿದರೆ ಪಕ್ಕದ ಹುಡುಗರ ವಂಶಾವಳಿ ಸಾಕಷ್ಟು ಘನವಾದುದೆ. ಆದರೆ ಹಳ್ಳಿಯ ಕಟ್ಟೆಯಿಂದ ಫೋನಿಗೆ ಬರುವ ದಾರಿಯಲ್ಲಿ ಏನೇನೋ ಸೇರಿಕೊಂಡಿದೆ, ಅದನ್ನೂ ಹೇಳಬೇಕು.

ಈ ಸೀಮೆ 1956ರ ನವೆಂಬರ್ 1ರ ವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ಲಿಂಗಸುಗೂರು ಹಿಂದೊಮ್ಮೆ ದಂಡು ಇಳಿದಿದ್ದ ಊರು, ಜಿಲ್ಲೆಯ ಪದವಿ ಪಡೆದಿದ್ದ ಊರು. 1905ರಲ್ಲಿ ಆ ಪದವಿ ಹೋಯಿತು. ಸಿಂಧನೂರಿನ ಕಥೆ ಇದಕ್ಕೆ ತಿರುವು. ಮಳೆ ನಂಬಿ ಜೋಳ ಬೆಳೆಯುತ್ತಿದ್ದ ಊರಿಗೆ, 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ತರುವಾಯ ಎಡದಂಡೆಯ ಕಾಲುವೆಯಲ್ಲಿ ನೀರು ಬಂತು. ನೀರಿನ ಹಿಂದೆ ಭತ್ತ ಬಂತು. ಭತ್ತದ ಹಿಂದೆ ಆಂಧ್ರದ ಒಕ್ಕಲುಗಳು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡರು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರಿಗೂ ಇಲ್ಲಿ ನೆಲೆ ದೊರೆಯಿತು. ಅವರ ವಸತಿಗಳನ್ನು ಜನ ಆರ್.ಎಚ್. ಕ್ಯಾಂಪು ಎನ್ನುತ್ತಾರೆ. ಆದ್ದರಿಂದ ಸಿಂಧನೂರಿನ ಸಂತೆಯಲ್ಲಿ ಅಡ್ಡಾಡಿದರೆ ಕನ್ನಡ, ಉರ್ದು, ತೆಲುಗು, ಬಂಗಾಳಿ ನಾಲ್ಕೂ ಕಿವಿಗೆ ಬೀಳುತ್ತವೆ. ಇಂಥ ಊರಲ್ಲಿ ಬೆಳೆದವನಿಗೆ ಒಂದು ಭಾಷೆಯ ಹಾಡಿಗೆ ಇನ್ನೊಂದು ಭಾಷೆಯಲ್ಲಿ ಟೀಕೆ ಮಾಡುವುದು ಸಹಜವಾಗಿ ಬರುತ್ತದೆ.

ಹಾಸ್ಯಕ್ಕೂ ಇಲ್ಲಿ ಬಡತನವಿರಲಿಲ್ಲ. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಬೀchiಯವರ ಹೆಸರನ್ನು ಕನ್ನಡದಲ್ಲಿ ಪೂರ್ತಿಯಾಗಿ ಬರೆದರೆ ಬೀಚಿ; ತಮ್ಮ ಆತ್ಮಕಥೆಗೇ ‘ನನ್ನ ಭಯಾಗ್ರಫಿ’ ಎಂದು ಹೆಸರಿಟ್ಟ ಮಹಾನುಭಾವರು ಅವರು. ತಮ್ಮನ್ನು ನೋಡಿ ತಾವು ನಗಲಾರದವರಿಗೆ ಪರರನ್ನು ನೋಡಿ ನಗುವ ಹಕ್ಕಿಲ್ಲವೆಂಬುದನ್ನು ಅವರ ತಿಂಮ ಬಲ್ಲ. ಸಿಂಧನೂರಿನಿಂದ ಕಾರಟಗಿಯ ಮೇಲೆ ಹೋದರೆ ಸಿಕ್ಕುವ ಗಂಗಾವತಿಯಲ್ಲಿ ಅವರ ದಾರಿ ಹಿಡಿದ ಪ್ರಾಣೇಶ್ ಅವರು ವೇದಿಕೆಯ ಮೇಲೆ ನಿಂತು, ಕೈಯಲ್ಲಿ ಮೈಕು ಬಿಟ್ಟರೆ ಬೇರೇನೂ ಇಲ್ಲದೆ, ನಮ್ಮ ಕಡೆಯ ಮಾತಿನಲ್ಲೇ ಊರೂರನ್ನು ನಗಿಸಿದರು. ಅವರ ಮಾತಿನ ಕ್ಯಾಸೆಟ್ಟುಗಳು ಹಾಡಿನ ಕ್ಯಾಸೆಟ್ಟುಗಳ ಪಕ್ಕದಲ್ಲೇ ಮಾರಾಟಕ್ಕಿರುತ್ತಿದ್ದವು. ಹಾಡೂ ಹಾಡಿನ ಮೇಲಿನ ಮಾತೂ ಒಂದೇ ಅಂಗಡಿಯಲ್ಲಿ!

ಈ ಕಥೆಯ ಒಂದು ಕಹಿಯಾದ ಅಧ್ಯಾಯವನ್ನು ಹಾರಿಸಿ ಹೋಗುವಂತಿಲ್ಲ. ನಗುವವನೂ ನಗೆಗೀಡಾದವನೂ ಒಂದೇ ಕಟ್ಟೆಯ ಮೇಲಿದ್ದಾಗ ಒಂದು ನ್ಯಾಯವಿತ್ತು. ಟೀವಿ, ಸಿನಿಮಾಗಳಲ್ಲಿ ಆ ಕಟ್ಟೆ ಒಡೆಯಿತು. 1994ರಲ್ಲಿ ಚಾನೆಲ್ ವಿ ಎಂಬ ಹಾಡಿನ ವಾಹಿನಿಯವರು ‘ಕ್ವಿಕ್ ಗನ್ ಮುರುಗನ್’ ಎಂಬ ಪಾತ್ರವನ್ನು ತಂದು, ದಕ್ಷಿಣದವರ ಇಂಗ್ಲಿಷ್ ಉಚ್ಚಾರದಿಂದ ದೇಶವನ್ನು ನಗಿಸಿದರು. ಬೆಂಗಳೂರಿನಲ್ಲಿ ಕುಳಿತು ಅದನ್ನು ನೋಡಿದ ನಾವು, ಮುಂಬಯಿಯವರಿಗೆ ನಮ್ಮ ಮಾತೆಂದರೆ ಇಷ್ಟು ಸಸಾರವೆ ಎಂದು ಹುಬ್ಬು ಗಂಟಿಕ್ಕಿದೆವು. ಸರಿಯೆ. ಆದರೆ ನಮ್ಮದೇ ಸಿನಿಮಾಗಳಲ್ಲಿ ರಾಯಚೂರು, ಬಿಜಾಪುರದ ಮಾತು ಯಾರ ಬಾಯಲ್ಲಿ ಬರುತ್ತಿತ್ತು? ನಾನು ನೋಡಿದ ಚಿತ್ರಗಳಲ್ಲಿ ಹೆಚ್ಚಿನಂಶ ಜವಾನನ ಬಾಯಲ್ಲಿ, ಹಳ್ಳಿ ಗಮಾರನ ಬಾಯಲ್ಲಿ. ನಾಯಕ ಪ್ರೇಮಿಸಿದ್ದು ಮೈಸೂರಿನ ಕನ್ನಡದಲ್ಲಿ. ಅವನ ಆಳು ಜಾರಿ ಬಿದ್ದದ್ದು ನಮ್ಮ ಕನ್ನಡದಲ್ಲಿ. ಗೋಪಾಲ ವಾಜಪೇಯಿಯವರು ಹಾಡು ಬರೆದ, 1997ರ ‘ನಾಗಮಂಡಲ’ದಂಥ ಚಿತ್ರಗಳು ಇದಕ್ಕೆ ಅಪವಾದ, ಅಪವಾದವೆಂದೇ ಅವು ನೆನಪಿನಲ್ಲಿ ಉಳಿದಿವೆ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆಯನ್ನೂ ಸೇರಿಸಬೇಕು. ಬೆಂಗಳೂರಿಗೆ ಓದಲು ಹೋದ ಹೊಸತರಲ್ಲಿ ವಿದ್ಯಾರ್ಥಿನಿಲಯದ ಗೆಳೆಯರು ನನ್ನ ‘ಹೌದ್ರಿ’ಗೆ ನಗುತ್ತಿದ್ದರು. ಮೊದಮೊದಲು ನೊಂದುಕೊಂಡೆ. ಆಮೇಲೆ ಉಪಾಯ ಹೊಳೆಯಿತು. ಅವರು ನಗುವ ಮೊದಲು ನಾನೇ ನಗಿಸಿಬಿಟ್ಟರೆ? ಒಂದು ಸಂಜೆ ಗೋಷ್ಠಿಯಲ್ಲಿ, ಅವ್ವ ಟೀವಿಯ ಹಾಡುಗಳನ್ನು ನೋಡುತ್ತ ಹೇಗೆ ಮಾತಾಡುತ್ತಾಳೆಂಬುದನ್ನು ಅವಳ ದನಿಯಲ್ಲೇ ಅಣಕಿಸಿ ತೋರಿಸಿದೆ. ಚಪ್ಪಾಳೆಯೋ ಚಪ್ಪಾಳೆ. ಆ ರಾತ್ರಿ ನಿದ್ದೆ ಬರಲು ತಡವಾಯಿತು. ಅವ್ವ ಹೇಳಿದ್ದರಲ್ಲಿ ಬುದ್ಧಿಯಿತ್ತು, ಕಣ್ಣಿತ್ತು, ತುಂಟತನವಿತ್ತು. ನನ್ನ ಗೆಳೆಯರು ನಕ್ಕದ್ದು ಅವುಗಳಿಗಲ್ಲ, ಅವಳ ರಾಗಕ್ಕೆ. ಭಾಷ್ಯಕಾರಳನ್ನು ಒಯ್ದು ಗಮಾರಳನ್ನಾಗಿ ಮಾರಿ ಬಂದಿದ್ದೆ. ಅವ್ವ ಅಲ್ಲಿರಲಿಲ್ಲ. ಇದ್ದಿದ್ದರೆ ನಾನು ಹಾಗೆ ಮಾಡುತ್ತಿರಲಿಲ್ಲ. ನಗೆಯ ಧರ್ಮಸೂಕ್ಷ್ಮವೆಲ್ಲ ಆ ‘ಇದ್ದಿದ್ದರೆ’ ಎಂಬ ಒಂದು ಮಾತಿನಲ್ಲಿದೆಯೆಂದು ನನಗೆ ತೋರುತ್ತದೆ.

ಕಾಲ ಹಾಗೆಯೇ ನಿಲ್ಲಲಿಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಅಂತರಜಾಲದ ಬೆಲೆ ಕುಸಿಯಿತು. ಹಳ್ಳಿಯ ಹುಡುಗನ ಕಿಸೆಯಲ್ಲೂ ಒಂದು ಟಾಕೀಸು ಬಂದು ಕೂತಿತು. 2018ರಲ್ಲಿ ‘ರ‍್ಯಾಂಬೊ 2’ ಚಿತ್ರದ ‘ಚುಟು ಚುಟು’ ಹಾಡು ಹೊರಬಿತ್ತು. ಅರ್ಜುನ್ ಜನ್ಯರ ಸಂಗೀತ. ರವೀಂದ್ರ ಸೊರಗಾವಿ ಮತ್ತು ಶಮಿತಾ ಮಲ್ನಾಡ್ ಅವರ ಕಂಠ. ಮಾತು ಪೂರಾ ಉತ್ತರದ್ದು. ಯೂಟ್ಯೂಬಿನಲ್ಲಿ ಅದನ್ನು ನೋಡಿದ ಲೆಕ್ಕ 10 ಕೋಟಿ ದಾಟಿತು. ಆ ಹಾಡು ಮಹಾಕಾವ್ಯವೆಂದು ನಾನು ವಾದಿಸುವುದಿಲ್ಲ. ಆದರೆ ಅದರಲ್ಲಿ ನಾಯಕನೇ ನಮ್ಮ ಮಾತಿನಲ್ಲಿ ಒಲಿಸಿಕೊಂಡ, ನಾಯಕಿ ನಮ್ಮ ಮಾತಿನಲ್ಲೇ ಮುನಿದಳು. ಜಾರಿ ಬೀಳುವ ಕೆಲಸಕ್ಕೆ ನಮ್ಮ ಮಾತನ್ನು ಯಾರೂ ಕರೆಯಲಿಲ್ಲ. ಹಿಂದೆ ಯಾವ ರಾಗಕ್ಕೆ ವಿದ್ಯಾರ್ಥಿನಿಲಯ ನಕ್ಕಿತ್ತೋ ಅದೇ ರಾಗಕ್ಕೆ ಬೆಂಗಳೂರಿನ ಮದುವೆ ಮಂಟಪಗಳು ಕುಣಿದವು.

ಸಿನಿಮಾದ ಹಂಗಿಲ್ಲದೆ, ನಮ್ಮ ತಾಲ್ಲೂಕುಗಳ ಹುಡುಗರೇ ಕಟ್ಟಿ, ಹಾಡಿ, ಹೊಲದ ಬದುವಿನಲ್ಲಿ ಚಿತ್ರ ತೆಗೆದು ಬಿಡುವ ‘ಜಾನಪದ’ ಹಾಡುಗಳೂ ಹೊಳೆಯಾಗಿ ಹರಿಯತೊಡಗಿದವು. ಪಂಡಿತರು ಇವನ್ನು ಜಾನಪದವೆಂದು ಒಪ್ಪಲಾರರು. ನಾನೂ ಎಲ್ಲವನ್ನೂ ಒಪ್ಪಲಾರೆ. ಪ್ರೀತಿಸಿದ ಹುಡುಗಿ ಬೇರೆಯವನನ್ನು ಮದುವೆಯಾದಳೆಂಬ ಒಂದೇ ದುಃಖವನ್ನು ಇಷ್ಟು ಮಂದಿ ಇಷ್ಟು ಸಲ ಹಾಡಬೇಕಾಗಿರಲಿಲ್ಲ. ಹುಡುಗಿಯ ಕಡೆಯ ಜವಾಬು ಅವುಗಳಲ್ಲಿ ಅಪರೂಪ. ನಾಗೇಶಿಯವರಿಲ್ಲದೆ ಹರದೇಶಿಯವರೇ ರಾತ್ರಿಯೆಲ್ಲ ಹಾಡಿದ ಹಾಗೆ. ಆದರೂ ಒಂದು ವಿಶೇಷ ಕಂಡೆ. ಎಷ್ಟೋ ಹಾಡುಗಳ ಕೊನೆಯ ನುಡಿಯಲ್ಲಿ ಕಟ್ಟಿದವನ ಹೆಸರೂ ಅವನ ಊರಿನ ಹೆಸರೂ ಬರುತ್ತವೆ. ಲಾವಣಿಯ ಕವಿಗಳು ಮಾಡುತ್ತಿದ್ದುದೂ ಇದನ್ನೇ. ಅಂಕಿತ ಹೋಗಿಲ್ಲ.

ಅಣಕವೂ ಮೇಲಕ್ಕೇರಿತು. ಡೆನ್ಮಾರ್ಕಿನ ಆಕ್ವಾ ಎಂಬ ತಂಡದವರು 1997ರಲ್ಲಿ ‘ಬಾರ್ಬಿ ಗರ್ಲ್’ ಎಂಬ ಹಾಡು ತಂದರು. ಬಾರ್ಬಿ ಗೊಂಬೆಯ ಅಣಕ ಅದು. ಗೊಂಬೆ ಮಾಡುವ ಕಂಪೆನಿ ಮುನಿದು ಕೋರ್ಟಿಗೆ ಹೋಯಿತು. 2002ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ, ಅಣಕಕ್ಕೆ ಕಾನೂನಿನ ರಕ್ಷಣೆಯಿದೆಯೆಂದು ತೀರ್ಪು ಕೊಟ್ಟು, ಉಭಯ ಪಕ್ಷದವರೂ ಸ್ವಲ್ಪ ತಣ್ಣಗಿರುವುದು ಒಳ್ಳೆಯದೆಂಬ ಬುದ್ಧಿಮಾತನ್ನೂ ಸೇರಿಸಿತು. ನಮ್ಮ ಸಾರಥಿಯೇ ನ್ಯಾಯಪೀಠದಲ್ಲಿ ಕೂತಿದ್ದನೋ ಏನೋ! ಅದೇ ಧಾಟಿಗೆ 2023ರಲ್ಲಿ ಕನ್ನಡದ ಹಾಸ್ಯಗಾರರು ‘ನಾನು ನಂದಿನಿ’ ಎಂದು ಕಟ್ಟಿದರು. ಊರು ಬಿಟ್ಟು ಬೆಂಗಳೂರು ಸೇರಿ, ಬಾಡಿಗೆಯ ವಸತಿಯಲ್ಲಿ ರುಚಿಯಿಲ್ಲದ ಊಟ ಉಣ್ಣುವ ಹುಡುಗಿಯ ಹಾಡು. ಕೇಳಿದವರು ನಕ್ಕರು, ಅಂಥ ವಸತಿಗಳಲ್ಲಿದ್ದ ಹುಡುಗಿಯರೂ ನಕ್ಕರು, ತಾವೂ ಅದಕ್ಕೆ ಕುಣಿದು ಚಿತ್ರ ತೆಗೆದುಕೊಂಡರು. ಅಣಕ ಒಳ್ಳೆಯದೋ ಕೆಟ್ಟದೋ ಎಂದು ತಿಳಿಯಲು ಇದಕ್ಕಿಂತ ಸುಲಭವಾದ ಪರೀಕ್ಷೆಯಿಲ್ಲ. ಯಾರ ವಿಷಯವಾಗಿ ನಕ್ಕೆವೋ ಅವರಿಗೂ ನಗಲು ಸಾಧ್ಯವಾಯಿತೆ?

ಇಷ್ಟೆಲ್ಲ ವಿಚಾರ ತಲೆಯಲ್ಲಿ ಸುಳಿಯುವ ಹೊತ್ತಿಗೆ ಮಸ್ಕಿಯ ಗುಡ್ಡ ಕಾಣಿಸತೊಡಗಿತ್ತು. ಹುಡುಗರ ಫೋನಿನಲ್ಲಿ ಅಂಥದೇ ಒಂದು ಊರ ಕಡೆಯ ಹಾಡು. ಹೊಲದ ನಡುವೆ ಒಬ್ಬ ಹುಡುಗಿ, ಝರಿಯ ಹಸಿರು ಸೀರೆಯುಟ್ಟು ಕುಣಿಯುತ್ತಿದ್ದಳು. ಕುಣಿತ ಅಷ್ಟೇನೂ ಪಳಗಿದ್ದಲ್ಲ. ಸೀರೆಯಂತೂ ಅವಳಿಗೆ ಉದ್ದವಾಗಿ ಕಾಲಿಗೆ ತೊಡರುತ್ತಿತ್ತು. ಭಾಷ್ಯಕಾರ ಆರಂಭಿಸಿದ: “ಸೀರಿ ನೋಡಲೆ, ಯಾರದೋ ಕೇಳಿ ತಂದಾಳ. ಕುಣಿಯೋದು ಆಕಿ ಅಲ್ಲ, ಸೀರಿ.”

ಮುಂದಿನ ಆಸನದಲ್ಲಿ ಕೂತಿದ್ದ ಹೆಂಗಸೊಬ್ಬಳು ತಿರುಗಿ ನೋಡಿದಳು. ನಡುವಯಸ್ಸು, ಮಡಿಲಲ್ಲಿ ಸಂತೆಯ ಚೀಲ. ಮೆಲ್ಲಗೆ ಕೈ ಚಾಚಿ, “ಕೊಡು ಇಲ್ಲಿ ತಮ್ಮಾ, ನೋಡೂನು” ಎಂದಳು. ಹುಡುಗ ಫೋನು ಕೊಟ್ಟ. ಆಕೆ ಕಣ್ಣು ಕಿರಿದು ಮಾಡಿ ನೋಡಿ ಹೇಳಿದಳು: “ಹೌದಪ್ಪ. ಈಕಿ ನಮ್ಮ ಓಣ್ಯಾಕಿ. ಸೀರಿ ನಂದ.”

ಬಸ್ಸಿನಲ್ಲಿ ನಾಲ್ಕಾರು ಆಸನಗಳು ಸ್ತಬ್ಧವಾದವು. ಹುಡುಗನ ಮುಖ ಕೆಂಪಾಯಿತು. “ತಪ್ಪಾತ್ರಿ ಅಕ್ಕಾ” ಎಂದು ತೊದಲಿದ.

“ತಪ್ಪೇನೈತಿ? ನೀ ಹೇಳಿದ್ದು ಖರೇನ ಐತಿ” ಎಂದಳು ಆಕೆ. “ಕುಣ್ಯಾಕ ಬರಲಿಲ್ಲ ಅಂತ ಬೇಕಾದ್ರ ನಗು. ಆಕಿ ಬಡತನಕ್ಕ ನಗಬ್ಯಾಡ. ಮತ್ತ ಕೇಳು, ತಿರುಗಿ ಕೊಡೂ ಮುಂದ ಸೆರಗಿಗೆ ಎಣ್ಣಿ ಕಲಿ ಮಾಡಿ ಕೊಟ್ಟಾಳ. ಅದನ್ನೂ ಹಾಡಿನಾಗ ಹಾಕಂತ ಹೇಳಬೇಕಾಗಿತ್ತು.”

ಮೊದಲು ನಕ್ಕವನು ಆ ಹುಡುಗನೇ. ಆಮೇಲೆ ಬಸ್ಸೆಲ್ಲ ನಕ್ಕಿತು. ಹಾಡನ್ನು ಮೊದಲಿನಿಂದ ಹಾಕಿಸಿದರು. ಈ ಸಲ ಭಾಷ್ಯ ಆ ಅಕ್ಕನದು. ಆ ಹೊಲ ಯಾರದು, ಅದರಲ್ಲಿ ಸಜ್ಜೆ ಎಷ್ಟು ಬಂತು, ಹಿಂದೆ ಕಾಣುವ ಎತ್ತು ಹಾಯುತ್ತದೆಂದು ನಾಯಕ ಎಷ್ಟು ದೂರ ನಿಂತಿದ್ದ ಎಂಬ ವಿವರಗಳೆಲ್ಲ ಹೊರಬಂದವು. ಹುಡುಗರು ಪ್ರಶ್ನೆ ಹಾಕುವ ಶಿಷ್ಯರಾದರು. ಯಾವ ಮೂಲಗ್ರಂಥಕ್ಕೂ ಒಳಗಿನವರೇ ಬರೆದ ಭಾಷ್ಯದ ರುಚಿ ಬೇರೆ.

ನಾನು ಮಸ್ಕಿಯಲ್ಲಿ ಇಳಿದೆ. ಆ ಊರಿಗೆ ಹೋದವನು ಅಶೋಕನ ಶಾಸನ ನೋಡದೆ ಬರಬಾರದು. 1915ರಲ್ಲಿ ಸಿ. ಬೀಡನ್ ಎಂಬ ಇಂಜಿನಿಯರು ಈ ಕಡೆ ಚಿನ್ನದ ಅದಿರು ಹುಡುಕುತ್ತ ಬಂದು, ಗುಡ್ಡದ ಬಂಡೆಯ ಮೇಲಿನ ಅಕ್ಷರಗಳನ್ನು ಕಂಡ. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಅಲ್ಲಿಯ ವರೆಗೆ ದೊರೆತಿದ್ದ ಶಾಸನಗಳಲ್ಲಿ ರಾಜನಿಗೆ ‘ದೇವಾನಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳೇ ಇದ್ದವು. ಅಶೋಕ ಎಂಬ ಸ್ವಂತ ಹೆಸರು ಮೊದಲು ಕಾಣಸಿಕ್ಕಿದ್ದು ಮಸ್ಕಿಯ ಬಂಡೆಯಲ್ಲಿ. ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಅಂಕಿತ ಬಂಡೆಯ ಮೇಲೆಯೇ ಇತ್ತು, ಓದುವವರು ಬರಬೇಕಾಗಿತ್ತು.

ಶಾಸನದಲ್ಲಿ ಹೆಸರಿಗಿಂತ ದೊಡ್ಡದಾದ ಒಂದು ಮಾತುಂಟು. ಧರ್ಮದಿಂದ ದೊರೆಯುವ ಉನ್ನತಿ ದೊಡ್ಡವರಿಗೆ ಮಾತ್ರ ಸಾಧ್ಯವೆಂದು ತಿಳಿಯಬಾರದು, ಸಣ್ಣವನಿಗೂ ಅದು ಸಾಧ್ಯ. ಈ ಸಂಗತಿಯನ್ನು ಸಣ್ಣವರಿಗೂ ದೊಡ್ಡವರಿಗೂ ಹೇಳಬೇಕು ಎಂಬುದು ಅದರ ತಾತ್ಪರ್ಯ. ಚಕ್ರವರ್ತಿ ಹಾಡಿನ ವಿಷಯವಾಗಿ ಇದನ್ನು ಬರೆಸಲಿಲ್ಲ, ನಿಜ. ಆದರೆ ಬಂಡೆಯ ಮುಂದೆ ನಿಂತಾಗ ನನಗೆ ನೆನಪಾದದ್ದು ಆ ಉದ್ದನೆಯ ಸೀರೆಯ ಹುಡುಗಿ. ಎರವಲು ಸೀರೆಯುಟ್ಟಾದರೂ ತಾನೂ ಕುಣಿಯಬಹುದು, ಅದನ್ನು ಲೋಕ ನೋಡಬಹುದು ಎಂದು ಅವಳಿಗೆ ತೋರಿತಲ್ಲ, ಅದು ಸಣ್ಣ ಸಂಗತಿಯೆಂದು ನಾನು ತಿಳಿಯುವುದಿಲ್ಲ. ಅವಳ ಕುಣಿತಕ್ಕೆ ನಗುವ ಹಕ್ಕು ನಮಗೆ ಇದ್ದೇ ಇದೆ. ಮುಂದಿನ ಆಸನದಲ್ಲಿ ಅವಳ ಓಣಿಯವರು ಕೂತಿದ್ದಾರೆಂದು ನೆನಪಿಟ್ಟುಕೊಂಡು ನಕ್ಕರೆ ಸಾಕು.

ಊರಿಗೆ ಮರಳಿದ ಮೇಲೆ ಅವ್ವನಿಗೆ ಈ ಕಥೆಯನ್ನೆಲ್ಲ ಹೇಳಿದೆ. ವಿದ್ಯಾರ್ಥಿನಿಲಯದ ಕಥೆಯನ್ನೂ, ಇಷ್ಟು ವರ್ಷಗಳ ಮೇಲೆ, ಬಿಡದೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ನನ್ನ ದನಿ ಮಾಡಿ ತೋರಿಸಿದ್ಯಲ್ಲ, ಈಗ ಒಮ್ಮೆ ನನ್ನ ಮುಂದ ಮಾಡು, ನೋಡೂನು” ಎಂದಳು.

ಮಾಡಿದೆ. ಅವಳು ಪೂರ್ತಿಯಾಗಿ ಕೇಳಿ, ತಲೆಯಾಡಿಸಿ ಹೇಳಿದಳು: “ಇನ್ನೂ ಬರಂಗಿಲ್ಲ ನಿನಗ.”